ಮಿಂಚುವಿನ ಎಡಬದಿ

"ನನ್ನ ಮಿಂಚೂನ ಯಾಕ್ರೀ ಅಳಿಸಿದ್ರಿ?"

ದೋಹಾ ಅಲ್ ಜದೀದಾ ಬಡಾವಣೆಯ ಚಹಾದಂಗಡಿಗೆ ಕಾಲಿಟ್ಟವಳೇ ಜಾಹ್ನವಿ ಕೇಳಿದ್ದು ಇದನ್ನೇ! ನಮಸ್ಕಾರವಿಲ್ಲ, ಕುಶಲವಿಲ್ಲ...

ಶರಣ್ ಪೆಚ್ಚಾಗಿ ಎದ್ದು ನಿಂತ. ಇಬ್ಬರೂ ಪರಸ್ಪರ ಮುಖ ನೋಡುತ್ತಿರುವುದು ಇದೇ ಮೊದಲು.

ಪರಿಚಯಕ್ಕೆ ಮಾತ್ರ ಎಂಟು ತಿಂಗಳು. ಜಾಂಬಿಯಾದ ಒಂದು ರಾಷ್ಟ್ರೀಯ ಉದ್ಯಾನದ ಕ್ಯಾಮೆರಾಗಳು ಕಳಿಸುವ ಫೋಟೋ ನೋಡಿ, ಪಟ್ಟೆಗಳಿಂದ ಒಂದೊಂದು ಜೀಬ್ರಾವನ್ನೂ ಗುರುತಿಸುವ ಸ್ವಯಂಸೇವಕರು ಅವರು. ಆಫೀಸು ಮುಗಿಸಿ ಇವಳು ಗುರುತು ಹಾಕಿದರೆ, ದೂರದ ದುಖಾನ್ ಊರಿನಲ್ಲಿ ಕೂತು ಅವನು ಪರಿಶೀಲಿಸುತ್ತಿದ್ದ.

'ಕಿವಿ ನೋಡಿ', 'ಭುಜದ ಪಟ್ಟೆ ನೋಡಿ' ಎನ್ನುವ ಆ ಚುಟುಕು ಮೆಸೇಜುಗಳ ಹಿಂದಿನ ಮನುಷ್ಯ ಹೇಗಿರಬಹುದು? ನಗುತ್ತಾನಾ? ಊಹಿಸಿ ಊಹಿಸಿ ಅವಳಿಗೆ ಅವನ ಮೇಲೆ ಮನಸ್ಸಾಗಿಬಿಟ್ಟಿತ್ತು!

ಅವಳು ಮೊಟ್ಟಮೊದಲು ಗುರುತಿಸಿದ ಹೆಣ್ಣು ಜೀಬ್ರಾ ಮಿಂಚು. ಬಲಗಾಲಿನಲ್ಲಿ ಬೇಟೆಗಾರರ ಉರುಳಿನ ಗಾಯ. ನಿನ್ನೆ ಆ ಹೆಸರೇ ಜೀಬ್ರಾಗಳ ಪಟ್ಟಿಯಲ್ಲಿರಲಿಲ್ಲ. ಇವನದೊಂದು ಮೆಸೇಜ್ ಮಾತ್ರ ಇತ್ತು: 'ನಾಳೆ ಸಿಗ್ತೀರಾ? ವಿಷಯ ಉಂಟು.'

"ಸತ್ತೋಯ್ತಾ?" ಅವಳು ನಿಂತಲ್ಲೇ ಕೇಳಿದಳು.

"ಅಯ್ಯೋ, ಇಲ್ಲ ಮಾರಾಯ್ರೆ! ಬದುಕಿ ಉಂಟು. ಕೂತ್ಕೊಳ್ಳಿ ಮೊದಲು."

ಲ್ಯಾಪ್‌ಟಾಪ್ ತಿರುಗಿಸಿದ. ಎರಡು ಫೋಟೋ.

"ಇದು ನಿಮ್ಮ ಮಿಂಚು, ಬಲಬದಿ. ಇದು ನಾನು ಹೆಸರಿಟ್ಟ ಬೊಳ್ಳಿ, ಎಡಬದಿ. ಎರಡು ಬದಿಯ ಪಟ್ಟೆ ಒಂದೇ ಥರ ಇರುವುದಿಲ್ಲ ಅಲ್ವಾ? ನಾವು ಬೇರೆ ಬೇರೆ ಅಂದ್ಕೊಂಡಿದ್ದೆವು. ಮೊನ್ನೆ ನೀರಿಗೆ ಬಂದಾಗ ಎರಡು ಕ್ಯಾಮೆರಾ ಎರಡು ಬದಿಯಿಂದ ಒಟ್ಟಿಗೇ ತೆಗೆದವು... ಎರಡೂ ಒಂದೇ!"

ಜಾಹ್ನವಿ ಕಣ್ಣರಳಿಸಿದಳು. ಎಂಟು ತಿಂಗಳು ಇಬ್ಬರೂ ಪ್ರೀತಿಯಿಂದ ಕಾದದ್ದು ಒಂದೇ ಜೀವವನ್ನಾ?

"ಮೊದಲಿಟ್ಟ ಹೆಸರು ಉಳೀಬೇಕು ಅಂತ ನಿಯಮ. ಬೊಳ್ಳಿ ಎರಡು ದಿನ ಮೊದಲಿನದ್ದು."

"ಮೆಸೇಜಲ್ಲೇ ಹೇಳಬಹುದಿತ್ತಲ್ಲ? ರಾತ್ರಿಯೆಲ್ಲಾ ಅತ್ತಿದ್ದೀನಿ!"

"ಹೇಳಿದ್ರೆ 'ಸರಿ' ಅಂತ ಬರ್ದು ಸುಮ್ಮನಾಗ್ತಿದ್ರಿ. ನನಗೆ ನಿಮ್ಮನ್ನು ನೋಡ್ಬೇಕಿತ್ತು. ಇಷ್ಟು ಹೆದರ್ತೀರಿ ಅಂತ ಗೊತ್ತಾಗ್ಲಿಲ್ಲ... ತಪ್ಪಾಯ್ತು."

ಅವನ ಕಿವಿ ಕೆಂಪಾಗಿತ್ತು. ಅವಳ ಸಿಟ್ಟು ಅರ್ಧ ಇಳಿಯಿತು.

ಮೂರನೇ ಫೋಟೋ ಬಂತು. ಬೊಳ್ಳಿಯ ಹೊಟ್ಟೆಗೆ ಒತ್ತಿಕೊಂಡು ನಿಂತ ಪುಟ್ಟ ಮರಿ!

"ಇದಕ್ಕೆ ಮಿಂಚು ಅಂತ ಇಡುವನಾ?"

"ಇಡೋಣ. ಈ ಸಲ ಎರಡೂ ಬದಿ ನೋಡಿ ಬರ್ಕೊಳ್ಳಿ!"

"ಅದಕ್ಕೆ ಇಬ್ಬರು ಬೇಕು ಜಾಹ್ನವಿ. ನೀವು ಜೊತೆಗಿದ್ರೆ... ಜೀವನ ಪೂರ್ತಿ ನೋಡ್ತೇನೆ."

ಕರಕ್ ಚಾಯ್ ಆರುತ್ತಿತ್ತು. ಜಾಹ್ನವಿ ಎದುರಿನ ಕುರ್ಚಿಯಿಂದೆದ್ದು ಅವನ ಎಡಪಕ್ಕಕ್ಕೇ ಬಂದು ಕೂತಳು.

"ಇನ್ಮೇಲೆ ಎಡಬದಿ ನಂದು," ಎಂದಳು ಮೆಲ್ಲಗೆ.