ಮೂರನೇ ಹಾಸಿಗೆಯ ಪ್ಲಾಸ್ಟರ್

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಮಹಿಳೆ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ಮಧ್ಯಾಹ್ನ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಆಕೆಯ ತಂದೆ ತೀರಿಕೊಂಡಿದ್ದರು. ಹೃದಯ ದುರ್ಬಲ, ಶ್ವಾಸಕೋಶವೂ ಅಷ್ಟಕ್ಕಷ್ಟೆ. ಆದರೂ ಶಸ್ತ್ರಚಿಕಿತ್ಸೆ ಗೆದ್ದು ಬಂದು ಎರಡು ದಿನ ಮಾತನಾಡಿದ್ದರು.

"ಯಾರನ್ನ ಕೇಳಿದ್ರೂ ಹೈ ರಿಸ್ಕ್ ಕೇಸು ಅಂತಾರೆ. ಹಾಗಂತ ಸತ್ತಿದ್ದು ಹೇಗೆ ಅಂತ ಹೇಳೋದು ಬೇಡ್ವಾ ಸಾರ್?"

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಹೊರಟರು.

ಆಸ್ಪತ್ರೆಯಲ್ಲೂ ಅದೇ ರಾಗ. ಆಡಳಿತಾಧಿಕಾರಿ ಹೈ ರಿಸ್ಕ್ ಎಂದರು. ಮೇಲ್ವಿಚಾರಕಿಯೂ ಅದನ್ನೇ ಎಂದರು. ಕೊನೆಗೆ ಲಿಫ್ಟಿನವನೂ ತಲೆಯಾಡಿಸಿ ಹೈ ರಿಸ್ಕ್ ಅಂದಾಗ ಇನ್‌ಸ್ಪೆಕ್ಟರಿಗೆ ಸಾಕುಸಾಕಾಯಿತು. ಬೇರೆ ಮಾತಾಡಿದವರು ಅರಿವಳಿಕೆ ತಜ್ಞರೊಬ್ಬರೇ. ಅವರಿಗೂ ಸಿಟ್ಟು ನೆತ್ತಿಗೇರಿತ್ತು.

"ಹೈ ರಿಸ್ಕ್ ಅಂದ್ರೆ ಸಾಯ್ತಾರೆ ಅಂತ ಅಲ್ಲ ಇನ್‌ಸ್ಪೆಕ್ಟ್ರೇ, ಒಂದು ಗಳಿಗೇನೂ ಕಣ್ಣು ತೆಗೀಬೇಡಿ ಅಂತ. ಐದು ಗಂಟೆ ತಲೆ ಹತ್ರ ನಿಂತು ಉಳಿಸ್ಕೊಂಡಿದ್ದೆ ಅವರನ್ನ. ನಿನ್ನೆ ಉಸಿರು ಇಳೀತಾ ಇಳೀತಾ ಹೋಗ್ಬಿಟ್ರು."

"ಉಸಿರು ಕಡಿಮೆ ಆದ್ರೆ ಗೊತ್ತಾಗಲ್ವಾ?"

"ಮಾನಿಟರ್ ಕೂಗುತ್ತೆ."

"ಕೂಗಿತ್ತಾ?"

"ಹನ್ನೊಂದು ನಿಮಿಷ ಅಲಾರಂ ಆಗಿದೆ ಅಂತ ಅದರಲ್ಲಿದೆ. ಕೇಳಿಸ್ಕೊಂಡೋರು ಯಾರೂ ಇಲ್ಲ."

ಮಧ್ಯಾಹ್ನ ಎರಡಕ್ಕೆ ಅರಿವಳಿಕೆ ತಜ್ಞರ ಎದುರಿನಲ್ಲೇ ಪಂಚನಾಮೆ ಶುರುವಾಯಿತು. ಘಟಕದ ತುಂಬ ಯಂತ್ರಗಳ ಅರಚಾಟ. ರೋಗಿ ಕೈ ಅಲುಗಿಸಿದರೆ ಸಾಕು, ಬೆರಳಿನ ಕ್ಲಿಪ್ ಜಾರಿ ಅಲಾರಂ ಹೊಡೆದುಕೊಳ್ಳುತ್ತಿತ್ತು. ನರ್ಸ್ ಓಡಿಬಂದು ನೋಡಿದರೆ ಏನೂ ಆಗಿರುತ್ತಿರಲಿಲ್ಲ. ಒಂದು ಸಾಲು ನೆಟ್ಟಗೆ ಬರೆಯಲಾಗದ ಕಾನ್‌ಸ್ಟೇಬಲ್, ಪಕ್ಕದ ಮಾನಿಟರಿನ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ.

"ಏನಯ್ಯಾ ಮಾಡಿದೆ?"

"ತಲೆ ಚಿಟ್ಟು ಹಿಡೀತು ಸಾರ್. ಸಿಸ್ಟರ್ ಅದನ್ನೇ ಒತ್ತೋದು ನೋಡಿದ್ದೆ."

ಬೈಯಲು ಬಾಯಿ ತೆರೆದ ಇನ್‌ಸ್ಪೆಕ್ಟರ್ ಹಾಗೆಯೇ ನಿಂತರು. ನರ್ಸನ್ನು ಕರೆದು ಆ ರೋಗಿಯ ಅಲಾರಂ ಸರಿಮಾಡಿಸಿದರು. ಆಮೇಲೆ ಸತ್ತವರಿದ್ದ ಮೂರನೇ ಹಾಸಿಗೆಯ ಯಂತ್ರ ಹಾಕಿಸಿ, ಕ್ಲಿಪ್ಪನ್ನು ಕಾನ್‌ಸ್ಟೇಬಲ್‌ನ ಬೆರಳಿಗೆ ಸಿಕ್ಕಿಸಿ ಎಳೆದರು. ಪರದೆ ಕೆಂಪಗೆ ಮಿನುಗಿತು. ಸದ್ದು ಮಾತ್ರ ದಿಂಬಿನಡಿಯ ಗಡಿಯಾರದಷ್ಟು. ಹಿಂದೆ ಕೈಯಾಡಿಸಿದರೆ ಸ್ಪೀಕರಿನ ತೂತುಗಳ ಮೇಲೆ ಪದರ ಪದರವಾಗಿ ಗಾಯಕ್ಕೆ ಅಂಟಿಸುವ ಪ್ಲಾಸ್ಟರ್. ಅದರ ತುದಿಯನ್ನು ಅಚ್ಚುಕಟ್ಟಾಗಿ ಮಡಚಲಾಗಿತ್ತು.

ಅದನ್ನು ನೋಡಿದ ಅರಿವಳಿಕೆ ತಜ್ಞರು ಮುಖ ತಿರುಗಿಸಿದರು.

"ಯಾರು ಡಾಕ್ಟ್ರೇ?"

"ಕೀಳುವಾಗ ರೋಗಿಗೆ ನೋವಾಗಬಾರದು ಅಂತ ತುದಿ ಮಡಚೋರು ಇಲ್ಲಿ ಒಬ್ರೇ. ನಮ್ಮ ಹಿರಿಯ ಸಿಸ್ಟರ್. ಅವರಂಥ ಒಳ್ಳೇ ನರ್ಸ್ ಇಲ್ಲಿ ಇನ್ನೊಬ್ರಿಲ್ಲ."

ಠಾಣೆಯಲ್ಲಿ ಆಕೆ ಯಾವುದನ್ನೂ ಅಲ್ಲಗಳೆಯಲಿಲ್ಲ.

"ನೀವೇ ಅಂಟಿಸಿದ್ದಾ?"

"ಹೌದು. ಒಂದು ಗಂಟೆ ನಿದ್ದೆ ಮಾಡ್ಲಿ, ಆಮೇಲೆ ತೆಗೆಯೋಣ ಅಂತ. ನಾನು ನೋಡ್ತಾನೇ ಇದ್ದೆ. ಅಷ್ಟರಲ್ಲಿ ಐದನೇ ಹಾಸಿಗೆಯವರ ಎದೆಬಡಿತ ನಿಂತ್ಹೋಯ್ತು, ಅಲ್ಲಿಗೆ ಓಡಿದೆ."

"ಇನ್ಯಾರೂ ಇರ್ಲಿಲ್ವಾ?"

"ಆರು ಹಾಸಿಗೆಗೆ ನಾವಿಬ್ರು. ಇಬ್ರೂ ಅಲ್ಲೇ ಇದ್ವಿ."

"ಸದ್ದು ನಿಲ್ಸಿ ಅಂತ ಯಾರಾದ್ರೂ ಹೇಳಿದ್ರಾ?"

ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಅವರ ಮಗಳು. ಅಪ್ಪ ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ, ಆ ಹಾಳು ಸದ್ದು ನಿಲ್ಸಿ ಅಂತ ಕೈ ಮುಗಿದ್ರು. ಪಾಪ, ಅವರಿಗೇನು ಗೊತ್ತು? ಗೊತ್ತಿದ್ದೋಳು ನಾನು. ಅದೊಂದು ಬರೀಬೇಡಿ ಸಾರ್."

ಬರೆಯದೆ ವಿಧಿಯಿರಲಿಲ್ಲ. ವೈದ್ಯಕೀಯ ಸಮಿತಿಯ ಅಭಿಪ್ರಾಯ ಕೈಸೇರಿದ ಮೇಲೆ, ಗುರುವಾರ ಸಂಜೆ ಆರಕ್ಕೆ ನಿರ್ಲಕ್ಷ್ಯದಿಂದಾದ ಸಾವಿನ ಆರೋಪದಡಿ ಆಕೆಯನ್ನು ಬಂಧಿಸಲಾಯಿತು. ಪ್ಲಾಸ್ಟರ್ ಅಂಟಿಸಿದ್ದಕ್ಕೆ ಕಾನೂನಿನಲ್ಲಿ ಕಲಮು ಸಿಕ್ಕಿತು. ಆರು ಹಾಸಿಗೆಗೆ ಇಬ್ಬರೇ ಸಾಕೆಂದವರಿಗೆ ಯಾವ ಕಲಮೂ ಸಿಗದೆ ಇನ್‌ಸ್ಪೆಕ್ಟರ್ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

ಸತ್ತವರ ಮಗಳು ಎದುರಿಗೇ ನಿಂತಿದ್ದಳು.

"ಯಾಕಂತೆ ಸಾರ್? ನಮ್ಮಪ್ಪ ಅವಳಿಗೇನು ಅನ್ಯಾಯ ಮಾಡಿದ್ರು?"

ಇಂದಲ್ಲದಿದ್ದರೆ ನಾಳೆ ನ್ಯಾಯಾಲಯದಲ್ಲಿ ಆಕೆಯ ಕಿವಿಗೆ ಬೀಳಲೇಬೇಕಾದ ಮಾತು. ಇನ್‌ಸ್ಪೆಕ್ಟರ್ ತಲೆ ಎತ್ತಲಿಲ್ಲ.

"ನಿಮ್ಮಪ್ಪ ಸ್ವಲ್ಪ ಮಲಗ್ಲಿ ಅಂತ ಸದ್ದು ನಿಲ್ಸಿದ್ರಂತೆ ಕಣಮ್ಮಾ."

"ಸದ್ದು..." ಎಂದಳು. ಕೈ ಕುರ್ಚಿಯನ್ನು ತಡಕಾಡಿತು. ಮಂಗಳವಾರ ಬೇಡವೆಂದಿದ್ದ ಅದೇ ಕುರ್ಚಿಯಲ್ಲಿ ಆಕೆ ಕುಸಿದು ಕೂತಳು.