ಕೋಸ್ಟರಿಕಾದ ಬಂಗಾರದ ದುಂಬಿ

ಮುಹಮ್ಮದ್ ಸಾಹೇಬರ ಬೆರಳಿಗೆ ಬಂಗಾರ ಅಂಟಿತು. ಅಲ್ಲಿಗೆ ಕಳವು ಬಯಲಾಯಿತು.

೧೯೯೧ರ ಅಕ್ಟೋಬರ್. ಗಾಜಿನ ಪೆಟ್ಟಿಗೆಯಲ್ಲಿ ಉತ್ತರ ಮತ್ತು ದಕ್ಷಿಣ ಅಮೆರಿಕದ ನಕ್ಷೆ. ಯಾವ ದುಂಬಿ ಯಾವ ದೇಶದ್ದೋ ಆ ದೇಶದ ಮೇಲೆಯೇ ಅದಕ್ಕೆ ಪಿನ್ನು. ಕೋಸ್ಟರಿಕಾದ ಬಂಗಾರದ ದುಂಬಿಯೆಂದರೆ ಸಾಹೇಬರಿಗೆ ಪ್ರಾಣ. ಅದನ್ನು ನೋಡಲು ಬಂದಿದ್ದವಳು ಖೈತಾನಿನ ಶಾಲೆಯ ಜೀವಶಾಸ್ತ್ರದ ಟೀಚರ್ ರತ್ನಾವತಿ.

"ಅಸಲಿ ದುಂಬಿಯ ಬಣ್ಣ ಕೈಗೆ ಹತ್ತುವುದಿಲ್ಲ," ಎಂದಳು. "ಇದು ಪೇಂಟ್."

ಸಾಹೇಬರ ಕಣ್ಣು ಕಾವಲುಗಾರ ಮೊಯ್ದೀನ್ ಕುಂಞಿಯತ್ತ ಹೊರಳಿತು. ಹಿಂದಿನ ವರ್ಷ ಇರಾಕಿ ಸೈನ್ಯ ಈ ದೇಶಕ್ಕೆ ನುಗ್ಗಿದಾಗ ಮನೆಯವರೆಲ್ಲ ಸೌದಿಗೆ ಓಡಿದ್ದರು. ಮನೆ ಕಾದವನು ಅವನೊಬ್ಬನೇ.

"ಖಲಾಸ್. ನಾಳೆಯೇ ನಿನ್ನ ಇಕಾಮಾ ರದ್ದು, ಈ ದೇಶ ಬಿಟ್ಟು ಹೊರಡು."

ಡ್ರೈವರ್, ಅಡುಗೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೊಯ್ದೀನ್ ರತ್ನಾವತಿಯತ್ತ ತಿರುಗಿದ. "ಸೈನಿಕರ ಕಣ್ಣಿಗೆ ಬೀಳದ ಹಾಗೆ ಈ ಪೆಟ್ಟಿಗೆ ಅಡಗಿಸಿಟ್ಟದ್ದು ನಾನು ಟೀಚರೇ. ಕಳ್ಳ ಅನ್ನಿಸಿಕೊಂಡು ಊರಿಗೆ ಹೋದ್ರೆ ಹೆಂಡತಿ ಮರಿಯಮ್ ಬೀವಿಗೆ ಮುಖ ತೋರಿಸುವುದು ಹೇಗೆ?"

ಊರಿಗೆ ಊರೇ ಲೂಟಿಯಾದ ವರ್ಷ ಕಳ್ಳನನ್ನು ಹುಡುಕುವುದು ಸುಲಭ. ಕೈಗೆ ಸಿಕ್ಕ ಬಡವನೇ ಕಳ್ಳ. ರತ್ನಾವತಿಗೆ ಸಿಟ್ಟು ಬಂತು.

"ಸ್ವಲ್ಪ ತಡೆಯಿರಿ ಸಾಹೇಬರೇ. ಕಳ್ಳನನ್ನು ನಾನು ತೋರಿಸುತ್ತೇನೆ."

* * *

ಸಂಗ್ರಹದ ಉಸ್ತುವಾರಿ ಮಂಗಳೂರಿನ ಮಥಾಯಸ್‌ನದು. ಪ್ರಾಣಿಶಾಸ್ತ್ರದ ಎಂಎಸ್ಸಿ. ಯುದ್ಧದ ತಿಂಗಳುಗಳೆಲ್ಲ ಊರಿನಲ್ಲಿದ್ದು, ಮೇ ತಿಂಗಳಲ್ಲಿ ಮರಳಿದ್ದ. ಇಂದು ರಜೆಗೆ ಹೊರಟು ನಿಂತಿದ್ದ, ಕೈಯಲ್ಲಿ ಬ್ಯಾಗು.

"ದುಂಬಿ ಮಾರಿದ ಅಮೆರಿಕದ ಏಜೆಂಟನೇ ಟೊಪ್ಪಿ ಹಾಕಿರಬೇಕು ಟೀಚರ್," ಎಂದ. "ಪಾಪ, ಮೊಯ್ದೀನಿಗೆ ಇದೆಲ್ಲ ಎಂತ ಗೊತ್ತುಂಟು?"

ರತ್ನಾವತಿ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ದುಂಬಿಯನ್ನು ಒರೆಸಿದಳು. ಬಂಗಾರ ಹೋಯಿತು. ಅಡಿಯಲ್ಲಿ ಜಿಡ್ಡುಮಸಿ. ಅದರಡಿಯಲ್ಲಿ ಕಂದು ಮೈ, ಅರದಿಂದ ಉಜ್ಜಿದ ಕೊಂಬು.

"ಇದು ಯಾವ ದುಂಬಿ ಮಥಾಯಸ್‌ರೇ?"

"ಗೊತ್ತಾಗ್ತಿಲ್ಲ."

ಅವಳು ಅಂಗಳದ ಖರ್ಜೂರದ ಬುಡದಿಂದ ಎರಡು ಸತ್ತ ದುಂಬಿ ಹೆಕ್ಕಿ ತಂದಳು. ಮಥಾಯಸ್, ಮೊಯ್ದೀನ್ ಇಬ್ಬರಿಗೂ ಒಂದೊಂದು ಪಿನ್ನು ಕೊಟ್ಟಳು.

"ಸಾಹೇಬರಿಗೆ ತೋರಿಸಬೇಕು. ಥರ್ಮೋಕೋಲಿಗೆ ಚುಚ್ಚಿ ಕೊಡಿ."

ಮೊಯ್ದೀನ್ ನಟ್ಟನಡುವೆ ಚುಚ್ಚಿದ. ಮಥಾಯಸ್ ಬೇರೇನೋ ಯೋಚಿಸುತ್ತ ಬಲರೆಕ್ಕೆಗೆ ಚುಚ್ಚಿದ.

"ಸಾಕು," ಎಂದಳು ರತ್ನಾವತಿ.

* * *

"ಇದು ಖರ್ಜೂರದ ಮರ ಕೊರೆಯುವ ದುಂಬಿ ಸಾಹೇಬರೇ," ಎಂದಳು ರತ್ನಾವತಿ. "ನಮ್ಮೂರಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿಯ ದಾಯಾದಿ. ಅಲಾಸ್ಕಾದಿಂದ ಅರ್ಜೆಂಟೀನಾದವರೆಗೆ ಹುಡುಕಿದರೂ ಈ ಕುಲ ಸಿಗದು. ಹಾಗಾಗಿ ಏಜೆಂಟನ ಕೈವಾಡವಲ್ಲ, ಬದಲಾಯಿಸಿದ್ದು ಇಲ್ಲೇ. ಮಂಗಳೂರಿನವನಿಗೆ ಕುರುವಾಯಿಯ ಗುರುತಿಲ್ಲ ಅಂದರೆ ಯಾರು ನಂಬುತ್ತಾರೆ?"

"ಯುದ್ಧದ ಹೊತ್ತಿಗೆ ನಾನು ಊರಲ್ಲಿದ್ದೆ," ಎಂದ ಮಥಾಯಸ್.

"ಪೇಂಟಿನಡಿ ಇದ್ದದ್ದು ಎಣ್ಣೆಬಾವಿಗಳ ಮಸಿ. ಬಾವಿ ಉರಿದದ್ದು ಸೈನಿಕರು ಕಾಲ್ತೆಗೆಯುವಾಗ. ಈ ದುಂಬಿ ಹಾರುವುದು ಬೇಸಿಗೆಯಲ್ಲಿ. ಅಂದರೆ ಈ ಬೇಸಿಗೆ ಹಿಡಿದದ್ದು, ನೀವು ಮರಳಿದ ಮೇಲೆ. ಇನ್ನು ಪಿನ್ನು. ದುಂಬಿಗೆ ಬಲರೆಕ್ಕೆಯಲ್ಲೇ ಚುಚ್ಚಬೇಕೆಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಮೊಯ್ದೀನಿಗೆ ಅದು ಗೊತ್ತಿಲ್ಲ. ನಕಲಿಗೂ ಅಲ್ಲೇ ಚುಚ್ಚಿದೆ. ಕಳ್ಳತನ ಮಾಡುವಾಗಲೂ ನಿಮ್ಮ ಕೈ ಶಾಸ್ತ್ರ ಬಿಡಲಿಲ್ಲ."

ಮಥಾಯಸ್ ಬ್ಯಾಗಿನಿಂದ ಕ್ಯಾಮೆರಾ ರೀಲಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಹತ್ತಿಯಲ್ಲಿ ಅಸಲಿ ದುಂಬಿ ಹೊಳೆಯಿತು.

"ಇದನ್ನೆಲ್ಲ ಜೋಡಿಸಿದ್ದು ನಾನು. ಎಲ್ಲಿಯೂ ನನ್ನ ಹೆಸರಿಲ್ಲ."

"ಹೆಸರು ಕೇಳಿ ಪಡೆಯಬೇಕಿತ್ತು. ಇನ್ನೊಬ್ಬನ ಹೆಸರು ಕೆಡಿಸುವುದಲ್ಲ."

ಸಾಹೇಬರು ಪೊಲೀಸರಿಗೆ ಫೋನ್ ಮಾಡಿಸಿದರು. ಮೊಯ್ದೀನನಿಗೆ, "ಯಲ್ಲಾ, ಕೆಲಸಕ್ಕೆ ಹೋಗು," ಎಂದರು.

ಅವನು ಕದಲಲಿಲ್ಲ. "ಕಳ್ಳ ಅಂದದ್ದು ನಾಲ್ಕು ಜನರ ಎದುರು. ಅಲ್ಲ ಅನ್ನುವುದೂ ಹಾಗೇ ಆಗಲಿ ಸಾಹೇಬರೇ."

ಸಾಹೇಬರು ಡ್ರೈವರನನ್ನು, ಅಡುಗೆಯವರನ್ನು ಕರೆಸಿ, ಎದ್ದು ನಿಂತರು.

"ಇವನು ಕಳ್ಳನಲ್ಲ. ನಾವು ಓಡಿಹೋದಾಗ ಈ ಮನೆಯಲ್ಲಿ ನಿಂತವನು."

ಮೊಯ್ದೀನ್ ಕಣ್ಣೊರೆಸಿಕೊಂಡು ಗೇಟಿನ ಕಡೆ ನಡೆದ.