ರುದ್ರಾಣಿಯ ಪೋಷಕ ಸದಸ್ಯತ್ವ

"ರೀ... ಆ ಕಲ್ಲಿನ ಮೇಲೆ ಬಟ್ಟೆ ಒಗೀಬ್ಯಾಡ್ರೀ!"

ರುದ್ರಾಣಿ ಬೆಚ್ಚಿಬಿದ್ದಳು. ಎತ್ತಿದ ಸೀರೆ ಕೈಯಲ್ಲೇ ಉಳಿಯಿತು. ಬಾವಿಕಟ್ಟೆಯ ಆಚೆ ಯಾರೋ ಅಪರಿಚಿತ ಯುವಕ, ಪಕ್ಕದಲ್ಲಿ ಅಪ್ಪ ಷಣ್ಮುಖಪ್ಪ.

"ನಮ್ಮನೆ ಕಲ್ಲು, ನಮ್ಮ ಬಟ್ಟೆ. ನಿಮಗೇನ್ರೀ ಕಷ್ಟ?"

ಅವನು ಮಂಡಿಯೂರಿ ಕಲ್ಲಿನ ಅಂಚಿನ ಮಣ್ಣು ಕೆರೆದ. ಆಳುಗಳನ್ನು ಕರೆದು ಮಗುಚಿಸಿದ. ಅಡಿಯಲ್ಲಿ... ಕೈ ಎತ್ತಿ ಕುಣಿಯುತ್ತಿದ್ದ ಹೆಣ್ಣಿನ ಶಿಲ್ಪ!

ರುದ್ರಾಣಿಯ ಸಿಟ್ಟು ಎಲ್ಲಿಗೆ ಹೋಯಿತೋ!

ಅವನ ಹೆಸರು ಕೊಟ್ರೇಶ. ಹೊನ್ನಾಳಿಯಲ್ಲಿ ಇತಿಹಾಸದ ಮೇಷ್ಟ್ರು. ಅದು ಎಪ್ಪತ್ತೆಂಟನೇ ಇಸವಿ. ಹಳೆಯ ಶಿಲ್ಪಗಳ ಬಗ್ಗೆ ಸಂಶೋಧನೆ ಮಾಡಿ ಪುಸ್ತಕ ತರುವ ಕಲಾ ಇತಿಹಾಸ ಪರಿಷತ್ತಿಗೆ ಪೋಷಕ ಸದಸ್ಯರನ್ನು ಹುಡುಕುತ್ತಾ ಇವಳ ಊರಾದ ತ್ಯಾವಣಿಗೆಗೆ ಬಂದಿದ್ದ.

"ಅಡಿಕೆ ವ್ಯಾಪಾರಿಗೆ ಇದರಾಗೆ ಏನೈತ್ರೀ ಲಾಭ?" ಅಪ್ಪ ನಕ್ಕರು.

"ಲಾಭ ಏನೂ ಇಲ್ರೀ. ಪುಸ್ತಕ ಅಚ್ಚಾಗ್ತೈತೆ ಅಷ್ಟೆ."

ಫೋಟೋ ತೆಗೆಯಲೆಂದು ಅವನು ಮತ್ತೆ ಮತ್ತೆ ಬಂದ. ಆ ಶಿಲ್ಪವನ್ನು ಕಂಡು ರುದ್ರಾಣಿ ಬಿಡಿಸಿದ ಚಿತ್ರ ನೋಡಿ, "ನನ್ನ ಕ್ಯಾಮೆರಾಕ್ಕೆ ಕಾಣದ್ದು ನಿಮಗೆ ಕಾಣ್ತೈತಲ್ರೀ!" ಎಂದ. ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಹಟ ಹಿಡಿದು ಅಪ್ಪನನ್ನು ಒಪ್ಪಿಸಿ, ತನ್ನ ಹೆಸರಿನಲ್ಲೇ ಪೋಷಕ ಸದಸ್ಯತ್ವಕ್ಕೆ ಹಣ ಕೊಡಿಸಿದಳು.

ಅದಾದ ಮೇಲೆ ಅವನು ಬರುವುದೇ ನಿಂತುಹೋಯಿತು!

'ಕೆಲಸ ಆಯ್ತು, ಮರೆತುಬಿಟ್ಟನೇ? ಆ ಮಾತೆಲ್ಲ ಬರೀ ಚಂದಾಕ್ಕಾಗಿಯೇ?' ಅವಳಿಗೆ ಅನ್ನ ಸೇರಲಿಲ್ಲ.

ಒಂದು ದಿನ ಅಪ್ಪ ಚನ್ನಗಿರಿಯ ಅಡಿಕೆ ಮಂಡಿಯಿಂದ ಉರಿಯುತ್ತಾ ಬಂದರು.

"ಆ ಮೇಷ್ಟ್ರು ಮಂಡಿಗೇ ಬಂದು ನಿನ್ನ ದುಡ್ಡು ವಾಪಸ್ ಇಟ್ಟು ಹೋದ ಕಣವ್ವ! ಯಾಕೆ ಅಂತ ಕೇಳಿದ್ರೆ ತಲೆ ತಗ್ಗಿಸ್ತಾನೆ. ನಮ್ಮ ದುಡ್ಡು ಮೈಲಿಗೆಯಂತೇನು?"

ರುದ್ರಾಣಿಗೆ ತಲೆಬುಡ ತಿಳಿಯಲಿಲ್ಲ. ಹಣಕ್ಕಾಗಿ ಬಂದಿದ್ದರೆ ಹಿಂದಿರುಗಿಸುವುದೇಕೆ? ತನಗಾಗಿ ಬಂದಿದ್ದರೆ... ಬರದೇ ಇರುವುದೇಕೆ?

ಪರಿಷತ್ತಿನ ಉಪನ್ಯಾಸವಿದೆಯೆಂದು ತಿಳಿದು, ವಾಪಸ್ ಬಂದ ಹಣವನ್ನು ಸೆರಗಿಗೆ ಕಟ್ಟಿಕೊಂಡು, ತಾಯಿ ಅನ್ನಪೂರ್ಣಮ್ಮನನ್ನು ಕರೆದುಕೊಂಡು ಹೊನ್ನಾಳಿ ಬಸ್ಸು ಹತ್ತಿದಳು. ಉಪನ್ಯಾಸ ಮುಗಿದೊಡನೆ ಅವನೆದುರು ನಿಂತಳು.

"ನಾನು ಕೊಟ್ಟಿದ್ದನ್ನ ಯಾಕೆ ವಾಪಸ್ ಕೊಟ್ರಿ?"

ಕೊಟ್ರೇಶನ ಮುಖ ಕೆಂಪಾಯಿತು. "ಅದನ್ನ ಇಟ್ಕಂಡು ನಿಮ್ಮನ್ನ ಕೇಳಾಕೆ ಹೆಂಗೆ ಬರ್ಲಿ? ಚಂದಾ ಎತ್ತಾಕೆ ಬಂದೋನು ಮಗಳನ್ನೇ ಒಲಿಸ್ಕಂಡ ಅಂತಾರೆ ಜನ. ನಿಮ್ಮಪ್ಪಾರ ಮುಂದೆ ಇದನ್ನ ಹೇಳಾಕೆ ಬಾಯೇ ಬರ್ಲಿಲ್ಲ..."

ಅವಳಿಗೆ ಅಳುವುದೋ ನಗುವುದೋ ತಿಳಿಯದಾಯಿತು!

"ನಾನು ಕೊಟ್ಟಿದ್ದು ಪರಿಷತ್ತಿಗೆ. ನಿಮಗಲ್ಲ!"

ಅವನ ಮುಖ ಬಾಡಿತು. ಅವಳು ನೇರವಾಗಿ ಕಾರ್ಯದರ್ಶಿ ವಿರೂಪಾಕ್ಷಪ್ಪನವರ ಮೇಜಿಗೆ ಹೋಗಿ ಹಣ ಇಟ್ಟಳು.

"ಪೋಷಕ ಸದಸ್ಯೆ ರುದ್ರಾಣಿ ಅಂತ ಬರ್ಕಳ್ರಿ. ಪುಸ್ತಕ ನಿಲ್ಲಬಾರ್ದು."

ಅವರು ಬರೆದುಕೊಂಡರು. ಅವಳು ಮೆಲ್ಲಗೆ ಕೊಟ್ರೇಶನತ್ತ ತಿರುಗಿದಳು.

"ಅದು ಮುಗೀತು. ನಿಮಗೂ ಅದಕ್ಕೂ ಸಂಬಂಧ ಇಲ್ಲ. ಈಗ... ಏನು ಕೇಳಾಕೆ ಬರಬೇಕಂತಿದ್ರಿ?"

ಅವನು ಅನ್ನಪೂರ್ಣಮ್ಮನತ್ತ ನೋಡಿದ. ಆಕೆ ನಗು ಮರೆಮಾಡಿಕೊಂಡು ಅತ್ತ ತಿರುಗಿದರು.

"ರುದ್ರಾಣಿ... ನನ್ನನ್ನ ಮದುವೆ ಆಗ್ತೀಯಾ?"

ಮೊದಲ ಬಾರಿಗೆ 'ನೀನು' ಎಂಬ ಸಲುಗೆ! ಅವಳ ಕಣ್ಣು ತುಂಬಿತು.

"ಅಪ್ಪಾರ ಸಿಟ್ಟು ನೀವೇ ಇಳಿಸ್ಬೇಕು."

"ನೀನು ಪಕ್ಕದಾಗೆ ಇರ್ತೀಯೇನು?"

"ಹೂಂ... ಇರ್ತೀನಿ."